ಮೂರು ಚುಕ್ಕೆ

ಎತೆರಿ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಎಣಿಸಿದಳು. ಏನೂ ಬೆಳೆಯಬಾರದಿದ್ದ ತಟ್ಟೆಯಲ್ಲಿ ಸಾಸಿವೆಯಷ್ಟು ಹಳದಿ ಚುಕ್ಕೆಗಳು. ಮೂರೇ ಮೂರು.

ತ್ಬಿಲಿಸಿಯ ಈ ಪ್ರಯೋಗಾಲಯದಲ್ಲಿ ಅವಳು ಮೂವತ್ತೊಂದು ವರ್ಷಗಳಿಂದ ಮಾಡುತ್ತ ಬಂದಿದ್ದು ಒಂದೇ ಕೆಲಸ. ರೋಗಿಯ ಗಾಯದಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲ ವೈರಸ್ಸನ್ನು ನದಿ, ಚರಂಡಿಗಳ ನೀರಿನಲ್ಲಿ ಹುಡುಕಿ ತೆಗೆಯುವುದು. ಈ ಸಲದ ರೋಗಿ ಅವಳದೇ ಕಟ್ಟಡದ ಐದನೇ ಮಹಡಿಯ ಗುರಾಮ್, ಬಸ್ ಚಾಲಕ. ಸಕ್ಕರೆ ಕಾಯಿಲೆಯಿಂದ ಬಲಪಾದದಲ್ಲಿ ಎದ್ದ ಹುಣ್ಣು ಯಾವ ಔಷಧಕ್ಕೂ ಬಗ್ಗಿರಲಿಲ್ಲ. ಮತ್ಕ್ವಾರಿ ನದಿಯ ನೀರಿನಲ್ಲಿ ಸಿಕ್ಕ ವೈರಸ್ ಮಾತ್ರ ಪ್ರಯೋಗಾಲಯದ ತಟ್ಟೆಯಲ್ಲಿ ಆ ಬ್ಯಾಕ್ಟೀರಿಯಾವನ್ನು ಒಂದೇ ಹಗಲಿನಲ್ಲಿ ಸಾಫು ಮಾಡಿತ್ತು. ಸುದ್ದಿ ಕೇಳಿ ಗುರಾಮನ ಹೆಂಡತಿ ಲಾಮಾರಾ ಎತೆರಿಯ ಎರಡೂ ಕೆನ್ನೆಗೆ ಮುತ್ತಿಟ್ಟು ಹೋಗಿದ್ದಳು.

ಕೊನೆಯ ಪರೀಕ್ಷೆಯೊಂದು ಉಳಿದಿತ್ತು. ಗುರಾಮನ ಬ್ಯಾಕ್ಟೀರಿಯಾದೊಳಗೆ ಬೆಳೆದ ವೈರಸ್ಸನ್ನು, ಔಷಧಕ್ಕೆ ಸುಲಭವಾಗಿ ಸಾಯುವ ಬೇರೊಂದು ಬ್ಯಾಕ್ಟೀರಿಯಾದ ಜೊತೆ ಬೆರೆಸಿ, ಔಷಧ ಹಾಕಿದ ತಟ್ಟೆಯ ಮೇಲೆ ಹರಡಿದ್ದಳು. ಎಲ್ಲವೂ ಸಾಯಬೇಕಿತ್ತು. ಮೂರು ಬದುಕಿದ್ದವು. ಗುರಾಮನ ಬ್ಯಾಕ್ಟೀರಿಯಾ ಒಡೆಯುವಾಗ ಒಂದೆರಡು ವೈರಸ್ಸುಗಳು ತಮ್ಮ ಜೀನಿನ ಬದಲು ಅದರ ಜೀನನ್ನು ತುಂಬಿಕೊಂಡು ಹೊರಬಿದ್ದಿದ್ದವು; ಔಷಧವನ್ನು ಎದುರಿಸುವ ಗುಣವನ್ನು ಇನ್ನೊಂದಕ್ಕೆ ದಾಟಿಸಿದ್ದವು.

"ಕೋಟಿಗೆ ಮೂರು ಕಣಮ್ಮಾ," ಎಂದ ಮುಖ್ಯಸ್ಥ ತೆಂಗಿಜ್. "ನಾನಾಗಿದ್ರೆ ಕೊಟ್ಟುಬಿಡ್ತಿದ್ದೆ. ಆದ್ರೆ ಸಹಿ ಮಾಡೋಳು ನೀನು."

ಎತೆರಿ ಸಹಿ ಮಾಡಲಿಲ್ಲ. ಲಾಮಾರಾಳನ್ನು ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ ತಾನೇ ಹೇಳಿದಳು.

"ಕೊಲ್ಲುತ್ತೆ ಅಂದಿದ್ದೆಯಲ್ಲೇ?"

"ಕೊಲ್ಲುತ್ತೆ. ಆದ್ರೆ ಅದರ ಕೈ ಶುದ್ಧ ಇಲ್ಲ ಕಣೇ. ಇಲ್ಲಿಂದ ಕದ್ದು ಅಲ್ಲಿ ಕೊಡುತ್ತೆ. ಆಸ್ಪತ್ರೇಲಿ ಗುರಾಮನ ವಾರ್ಡಿನಲ್ಲಿ ಇನ್ನೂ ಹನ್ನೊಂದು ಜನ ಮಲಗಿದಾರೆ. ಅವರಿಗೆ ಇವತ್ತು ಔಷಧ ನಾಟುತ್ತೆ. ಇದನ್ನ ಬಿಟ್ಟ ಮೇಲೆ ನಾಟದೇ ಹೋದ್ರೆ?"

"ಹೋದ್ರೆ ಹೋಗ್ಲಿ! ಆ ಹನ್ನೊಂದು ಜನ ಬಂದು ನನ್ನ ಮನೆ ನಡೆಸ್ತಾರಾ? ಬಲಗಾಲಿಲ್ಲದೋನು ಬ್ರೇಕು ಹ್ಯಾಗೆ ಒತ್ತುತಾನೆ, ಹೇಳು!"

"ನಾಲ್ಕು ದಿನ ಕೊಡು. ಬೇರೆ ಹುಡುಕ್ತೀನಿ."

"ಗುರುವಾರ ಕತ್ತರಿಸ್ತೀನಿ ಅಂದಿದಾರೆ ಡಾಕ್ಟರು. ನಾಡಿದ್ದು." ಲಾಮಾರಾಳ ದನಿ ತಗ್ಗಿತು. "ನಿನ್ನ ಗಂಡನೇ ಆಗಿದ್ರೆ, ಎತೆರಿ?"

ಎತೆರಿ ತನ್ನ ಕೈಗಳನ್ನು ನೋಡಿಕೊಂಡಳು. "ಗೊತ್ತಿಲ್ಲ," ಎಂದಳು.

ಲಾಮಾರಾ ಎದ್ದು ಹೋದಳು.

ಆ ಎರಡು ದಿನ ಎತೆರಿ ನಗರದ ಏಳು ಚರಂಡಿಗಳಿಂದ ನೀರು ತರಿಸಿದಳು. ಗುರುವಾರ ಬೆಳಗ್ಗೆ ಗುರಾಮನ ಪಾದದ ಮುಂಭಾಗವನ್ನು ತೆಗೆದರು. ಶುಕ್ರವಾರ ಆರನೇ ಬಾಟಲಿಯಲ್ಲಿ ಇನ್ನೊಂದು ವೈರಸ್ ಸಿಕ್ಕಿತು. ಮೊದಲನೆಯದಕ್ಕಿಂತ ನಿಧಾನ, ಆದರೆ ಪರೀಕ್ಷೆಯ ತಟ್ಟೆ ಪೂರ್ತಿ ಖಾಲಿಯಿತ್ತು. ಅದನ್ನೇ ಹಚ್ಚಿದರು. ಉಳಿದ ಪಾದ ಆರು ವಾರಗಳಲ್ಲಿ ಮಾಯಿತು. ಗುರಾಮನನ್ನು ಚಾಲಕನ ಸೀಟಿನಿಂದ ಇಳಿಸಿ ಡಿಪೋದ ಗೇಟು ಕಾಯುವ ಕೆಲಸಕ್ಕೆ ಹಾಕಿದರು.

ಲಾಮಾರಾ ಮೆಟ್ಟಿಲ ಮೇಲೆ ಎದುರಾದರೆ ಗೋಡೆಯ ಕಡೆ ಸರಿದು ಹೋಗುತ್ತಿದ್ದಳು. ಕಟ್ಟಡದ ಲಿಫ್ಟು ಕೆಟ್ಟು ಎರಡು ವರ್ಷವಾಗಿತ್ತು. ದಿನವೂ ಸಂಜೆ ಆರಕ್ಕೆ ಗುರಾಮ್ ಊರುಗೋಲು ಊರುತ್ತ ಹತ್ತುವ ಸದ್ದು ಎರಡು ಮಹಡಿ ಕೆಳಗಿದ್ದ ಎತೆರಿಯ ಬಾಗಿಲವರೆಗೂ ಬಂದು, ಅಲ್ಲಿ ನಿಂತು, ತುಂಬ ಹೊತ್ತಿನ ಮೇಲೆ ಮುಂದೆ ಹೋಗುತ್ತಿತ್ತು. ಒಂದು ದಿನ ಅವಳು ಅಡುಗೆಮನೆಯ ಕುರ್ಚಿಯೊಂದನ್ನು ತಂದು ಹೊರಗೆ ಮೆಟ್ಟಿಲ ತಿರುವಿನಲ್ಲಿ, ಗೋಡೆಗೆ ಆನಿಸಿ ಇಟ್ಟಳು.

ಮರುದಿನ ಬೆಳಗ್ಗೆ ಬಾಗಿಲು ತೆರೆದಾಗ ಕುರ್ಚಿ ಗೋಡೆಯ ಹತ್ತಿರ ಇರಲಿಲ್ಲ. ಯಾರೋ ಅದನ್ನು ತಿರುವಿನ ಕಿಟಕಿಯ ಬಳಿಗೆ ಎಳೆದು, ಬಸ್ಸು ಓಡಾಡುವ ಬೀದಿ ಕಾಣುವಂತೆ ತಿರುಗಿಸಿದ್ದರು.