ಗುಂಡುಕಲ್ಲಿನ ದೇವರು

ಪಟೇಲ ವೆಂಕಟರಾಯಪ್ಪ ಹಠಕ್ಕೆ ಬಿದ್ದರೆ ಬ್ರಹ್ಮ ಬಂದರೂ ಕೇಳುವವನಲ್ಲ. ಯುದ್ಧದ ಕಾಲ, ರಾಗಿಗೆ ತತ್ವಾರ. ಹೆಚ್ಚು ಬೆಳೆಯಿರಿ ಎಂದು ಸರ್ಕಾರ ಹೇಳಿದ್ದೇ ತಡ, ದೊಡ್ಡಬೆಳವಂಗಲದ ದಾರಿಯ ಗೋಮಾಳದ ಮೇಲೆ ಅವನ ಕಣ್ಣು ಬಿತ್ತು. ಅಲ್ಲಿ ಯಾವ ಕಾಲದವೋ ಮಣ್ಣಿನ ದಿಣ್ಣೆಗಳು, ಮಲಗಿದ ಎಮ್ಮೆಗಳ ಹಾಗೆ. ಮಳೆ ಬಿದ್ದರೆ ಅವುಗಳ ನಡುವೆ ನೀರು ನಿಂತು ಕುಂಟೆಗಳಾಗುತ್ತಿದ್ದವು. ಅಂಚಿನಲ್ಲಿ ಸುತ್ತೇಳು ಊರಲ್ಲಿ ಕಾಣದ ನೀಲಿ ಹೂವು. ದೀಪಾವಳಿ ಕಳೆದರೆ ಎಲ್ಲ ಒಣಗಿ ಬರಿಯ ನೆಲ. ದಿಣ್ಣೆ ಕಡಿದು ಕುಂಟೆ ಮುಚ್ಚಿದರೆ ಒಳ್ಳೆಯ ಹೊಲ ಎನ್ನುವುದು ಪಟೇಲನ ಎಣಿಕೆ.

ಅವನ ಹೆಂಡತಿ ಮುನಿಲಕ್ಷ್ಮಮ್ಮನಿಗೆ ಆ ಜಾಗವೆಂದರೆ ಜೀವ. ಮದುವೆಯಾದ ಹೊಸತರಲ್ಲಿ ತವರು ನೆನೆದು ಅತ್ತದ್ದೂ ಅಲ್ಲೇ, ಆ ನೀರು ಕಂಡು ಮೊದಲ ಸಲ ನಕ್ಕದ್ದೂ ಅಲ್ಲೇ. ಬೇಡವೆಂದು ಬೇಡಿಕೊಂಡಳು. ಹೂವು ನೋಡಿದರೆ ಊರಿನ ಹೊಟ್ಟೆ ತುಂಬುತ್ತದೆಯೇ ಎಂದು ಅವನು ನಕ್ಕ.

ಬೇಸಿಗೆಯಲ್ಲಿ ಗುದ್ದಲಿ ಬೀಳಬೇಕಿದ್ದ ದಿನ, ನಸುಕಿನಲ್ಲೇ ಅವಳು ಅರಿಶಿನ ಅರೆಯುವ ಗುಂಡುಕಲ್ಲನ್ನು ಸೆರಗಿನಲ್ಲಿ ಮುಚ್ಚಿ ಒಯ್ದು, ದೊಡ್ಡ ದಿಣ್ಣೆಯ ನೆತ್ತಿಯಲ್ಲಿ ನೆಟ್ಟು ಕುಂಕುಮವಿಟ್ಟು ಬಂದಳು. ಆಳು ಸಂಜೀವಪ್ಪ ಅದನ್ನು ಕಂಡವನೇ ಗುದ್ದಲಿ ಬಿಸಾಡಿ ಅಡ್ಡಬಿದ್ದ. ಅಮ್ಮ ಉದ್ಭವಿಸಿದ್ದಾಳೆಂದು ಊರೆಲ್ಲ ಗುಲ್ಲು. ಪಟೇಲನೂ ಕೈಮುಗಿದ. ಮುನಿಲಕ್ಷ್ಮಮ್ಮ ಒಳಗೊಳಗೇ ಗೆದ್ದೆ ಅಂದುಕೊಂಡಳು.

ಆದರೆ ವಿನಾಯಕನ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಸುತ್ತಲ ಹಳ್ಳಿಯವರು ಹರಕೆ ಹೊತ್ತು ಬರತೊಡಗಿದರು. ಶ್ರಾವಣದ ಹೊತ್ತಿಗೆ ಪಟೇಲ ಗುಡಿ ಕಟ್ಟಲು ಹೊರಟ. ಜನ ಸೇರಲು ಬಯಲು ಬೇಡವೇ? ದಿಣ್ಣೆಗಳನ್ನು ಕಡಿದು ಆ ಮಣ್ಣಿನಿಂದಲೇ ಕುಂಟೆಗಳನ್ನು ಮುಚ್ಚುವುದೆಂದಾಯಿತು. ಮುನಿಲಕ್ಷ್ಮಮ್ಮ ಇಕ್ಕಟ್ಟಿಗೆ ಸಿಕ್ಕಿದಳು. ನಿಜ ಹೇಳಿದರೆ ದೇವರ ಹೆಸರಲ್ಲಿ ಮೋಸ ಮಾಡಿದವಳೆಂದು ಕುಲದಿಂದ ಹೊರಗೆ. ಹೇಳದಿದ್ದರೆ ಎಲ್ಲ ಮಣ್ಣುಪಾಲು.

ಗುದ್ದಲಿಪೂಜೆಯ ದಿನ, ತಮಟೆ ಬಡಿಯುತ್ತಿದ್ದಂತೆ, ಜನರನ್ನು ತಳ್ಳಿಕೊಂಡು ದಿಣ್ಣೆ ಹತ್ತಿ ಕಲ್ಲನ್ನು ಕಿತ್ತು ಎತ್ತಿ ಹಿಡಿದಳು. ತುರುಬು ಬಿಚ್ಚಿಹೋಗಿತ್ತು, ಮೈ ಗಡಗಡ ನಡುಗುತ್ತಿತ್ತು.

"ಇದು ದೇವ್ರಲ್ಲ ಕಣ್ರಪ್ಪಾ. ನಮ್ಮನೆ ಗುಂಡ್ಕಲ್ಲು. ನಾನೇ ತಂದಿಕ್ಕಿದ್ದು."

ತಮಟೆ ನಿಂತಿತು. ಏನು ಕಾದಿದೆಯೋ ಎಂದು ಅವಳು ಕಣ್ಣು ಮುಚ್ಚಿದಳು.

"ಅಮ್ಮ ಮೈಮೇಲೆ ಬಂದವ್ಳೆ" ಎಂದ ಸಂಜೀವಪ್ಪ. "ನಮ್ಮನ್ನ ಪರೀಕ್ಷೆ ಮಾಡ್ತಾವ್ಳೆ."

ಹೌದೆನ್ನಿಸಿತು ಎಲ್ಲರಿಗೂ. ಉದ್ಭವಿಸಿದ ದೇವರನ್ನು ಕೀಳುವ ಧೈರ್ಯ ಮನುಷ್ಯರಿಗೆ ಎಲ್ಲಿಂದ ಬರಬೇಕು? ಜನ ಸಾಲಾಗಿ ಅಡ್ಡಬಿದ್ದರು. ವೆಂಕಟರಾಯಪ್ಪ ಮಂಡಿಯೂರಿ, ತಮ್ಮಿಂದ ಏನು ತಪ್ಪಾಯಿತು, ಏನು ಬೇಕೆಂದು ಕೇಳಿದ. ಅವಳು ಅಲ್ಲ ಎನ್ನಲು ಬಾಯಿ ತೆರೆದಳು. ಗಂಡನ ಬೆನ್ನ ಹಿಂದೆ ಕುಂಟೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

"ನಂಗೆ ಗುಡಿ ಬ್ಯಾಡ" ಎಂದಳು. "ದಿಣ್ಣೆ ಕಡೀಬ್ಯಾಡಿ. ನೀರು ಮುಚ್ಬ್ಯಾಡಿ."

ದಿಣ್ಣೆ ಉಳಿಯಿತು, ಕುಂಟೆಯೂ ಉಳಿಯಿತು. ಆ ಸಂಜೆ ಅವಳು ಮುದ್ದೆ ಬಡಿಸಲು ಬಗ್ಗಿದಾಗ, ಇಷ್ಟು ವರ್ಷ "ಲೇ" ಎಂದು ಕರೆದು ಉಪ್ಪು ಕಮ್ಮಿಯಾದರೆ ಜಗಳ ತೆಗೆಯುತ್ತಿದ್ದ ವೆಂಕಟರಾಯಪ್ಪ ಧಡಕ್ಕನೆ ಎದ್ದು ನಿಂತ.

"ನಾನು ನಿನ್ನೆಂಡ್ತಿ ಕಣಯ್ಯಾ" ಎಂದಳು ಮುನಿಲಕ್ಷ್ಮಮ್ಮ.

"ಗೊತ್ತು ತಾಯಿ" ಎಂದು ಕೈಮುಗಿದು, ಅವನು ತನ್ನ ಹಾಸಿಗೆ ಸುತ್ತಿಕೊಂಡು ಜಗಲಿಗೆ ಹೋದ.