ನಾಲ್ಕು ಬೆರಳಿನ ಕಿಟಕಿ

ಗಡಿಯಲ್ಲಿ ಸೀಲು ಹಾಕುವವನು ಲಾರಿಯ ಎರಡು ಬಾಗಿಲಿಗೂ ನೀಲಿ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಅಂಗೈಯಿಂದ ಎರಡು ಸಲ ಬಡಿದು, "ಹೊರಡು, ಇನ್ನು ನೀನು ಜಾಡಿಯೊಳಗಿನ ಜಿರಳೆ" ಅನ್ನುತ್ತಿದ್ದ. ಪ್ರತಿ ವಾರ ಅದೇ ಮಾತು. ಡ್ರೈವರಿಗೆ ಮೊದಲ ಸಲ ಸಿಟ್ಟು ಬಂದಿತ್ತು. ಆರನೇ ಸಲದ ಹೊತ್ತಿಗೆ ಮೀಸೆ ಮುಟ್ಟಿ ನೋಡಿಕೊಳ್ಳುವಂತಾಗಿತ್ತು.

ರೋಗ ಬಂದ ಮೇಲೆ ದೇಶಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ಈ ನಡುವಿನ ದೇಶ ಮಾತ್ರ ತನ್ನ ಹೊಟ್ಟೆಪಾಡಿಗೆ ಲಾರಿಗಳಿಗೆಂದು ಒಂದೇ ಒಂದು ರಸ್ತೆ ಬಿಟ್ಟುಕೊಟ್ಟಿತ್ತು. ಈ ಗಡಿಯಲ್ಲಿ ಸೀಲು, ಆ ಗಡಿಯಲ್ಲಿ ಬಿಡುಗಡೆ. ನಡುವಿನ ಹನ್ನೊಂದು ಗಂಟೆ ಡ್ರೈವರು ನೆಲಕ್ಕೆ ಕಾಲಿಡುವಂತಿಲ್ಲ. ಹೊಟ್ಟೆಗೆ ಡಬ್ಬಿ, ಮಿಕ್ಕಿದ್ದಕ್ಕೆ ಬಾಟಲಿ. ಕಿಟಕಿಯ ಗಾಜನ್ನು ನಾಲ್ಕು ಬೆರಳಿಗಿಂತ ಹೆಚ್ಚು ಇಳಿಸುವಂತಿಲ್ಲ. ಒಳಗಿನ ವಸ್ತು ಹೊರಗೆ ಹೋಗುವಂತಿಲ್ಲ, ಹೊರಗಿನದು ಒಳಗೆ ಬರುವಂತಿಲ್ಲ. ಸೀಲು ಯಾವ ಕಾರಣಕ್ಕೆ ಹರಿದರೂ ಲಾರಿ ಅಲ್ಲೇ ನಿಲ್ಲಬೇಕು, ಡ್ರೈವರು ಹದಿನಾಲ್ಕು ದಿನ ಅಲ್ಲೇ ಕೊಳೆಯಬೇಕು. ಹತ್ತಿರದಲ್ಲಿ ನೆಂಟರಿದ್ದು ಸಹಿ ಹಾಕಿದರೆ ಅವರ ಮನೆಯ ಕೋಣೆಯಲ್ಲಿ, ಇಲ್ಲದಿದ್ದರೆ ದಾರಿಯಲ್ಲಿ ಲಾರಿಗಳು ತಂಗುವ ಯಾರ್ಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ. ಹರಿದದ್ದು ಡ್ರೈವರೇ ಆದರೆ ಅದಾದ ಮೇಲೆ ಒಂದು ವರ್ಷ ಪಾಸು ರದ್ದು.

ಪಾಸಿನ ಅರ್ಜಿಯಲ್ಲಿ 'ಈ ದೇಶದಲ್ಲಿ ನೆಂಟರಿದ್ದಾರೆಯೇ?' ಎಂದು ಕೇಳಿತ್ತು. ಅವನು 'ಯಾರೂ ಇಲ್ಲ' ಎಂದು ಬರೆದಿದ್ದ.

ಇದ್ದಳು. ಒಡಹುಟ್ಟಿದ ತಂಗಿಯೇ ಇದ್ದಳು. ಆರು ವರ್ಷದ ಹಿಂದೆ ಮದುವೆಯಾಗಿ ಈ ದೇಶಕ್ಕೆ ಬಂದವಳು. ಅವಳ ಮನೆಯಿಂದ ಲಾರಿಗಳು ಕಡ್ಡಾಯವಾಗಿ ನಲವತ್ತು ನಿಮಿಷ ನಿಲ್ಲಬೇಕಾದ ಯಾರ್ಡಿಗೆ ಕಾಲ್ನಡಿಗೆಯ ದಾರಿ. ಪ್ರತಿ ಗುರುವಾರ ಹನ್ನೊಂದೂವರೆಗೆ ಇವನ ಲಾರಿ ಯಾರ್ಡಿಗೆ ಬರುವ ಹೊತ್ತಿಗೆ ಅವಳು ತಂತಿಬೇಲಿಯ ಆಚೆ ಮೂರು ಕಾಲಿನ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು. ಮಾತಾಡಿಸುವುದಕ್ಕಲ್ಲ, ಬೈಯುವುದಕ್ಕೆ.

"ಬಂದ್ರಾ ಡ್ರೈವರ್ ಸಾಹೇಬ್ರು? ಆರೋಗ್ಯವಾ? ಕೆಮ್ಮು ದಮ್ಮು ಏನೂ ಇಲ್ವಲ್ಲ? ಇದ್ರೆ ಹೇಳಿ, ಸಂತೋಷ ಪಡೋಳು ನಾನೊಬ್ಬಳಾದ್ರೂ ಇದೀನಿ."

ಅಪ್ಪ ಹೋದ ದಿನದಿಂದ ಅವಳು ಅವನನ್ನು ಅಣ್ಣ ಅಂದಿರಲಿಲ್ಲ. ಏಕವಚನವನ್ನೂ ಬಿಟ್ಟಿದ್ದಳು. ಮೂವತ್ತು ವರ್ಷ 'ಏನೋ', 'ಬಾರೋ' ಅಂದ ಬಾಯಿಂದ ಈಗ 'ನೀವು', 'ತಾವು'. ಆ ಬಹುವಚನ ಅವನಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಪಕ್ಕದ ಹಾಲಿನ ಟ್ಯಾಂಕರಿನವನಿಗೆ ಮಾತ್ರ ಇದು ಬಿಟ್ಟಿ ಮನರಂಜನೆ. "ಏನ್ ಗುರು, ಇವತ್ತು ಮಂಗಳಾರತಿ ಇನ್ನೂ ಶುರುವಾಗಿಲ್ವಾ?" ಎಂದು ತನ್ನ ನಾಲ್ಕು ಬೆರಳಿನ ಸಂದಿಯಿಂದ ಕೂಗುತ್ತಿದ್ದ. "ನನ್ನ ಹೆಂಡತಿ ಇಷ್ಟು ಹೊತ್ತಿಗೆ ಸರಿಯಾಗಿ ಬೈಯಲ್ಲಪ್ಪ. ನೀನು ಪುಣ್ಯವಂತ."

ಅಪ್ಪನಿಗೆ ಗಡಿಯಾರ ರಿಪೇರಿಯ ಕೆಲಸ. ಮಕ್ಕಳನ್ನು ಅವರು ಕರೆಯುತ್ತಿದ್ದದ್ದು ದೊಡ್ಡಮುಳ್ಳು, ಸಣ್ಣಮುಳ್ಳು ಎಂದು. "ದೊಡ್ಡಮುಳ್ಳು ಸುಮ್ನೆ ಊರು ಸುತ್ತುತ್ತೆ, ಗಂಟೆ ಎಷ್ಟು ಅಂತ ಹೇಳೋದು ಸಣ್ಣಮುಳ್ಳೇ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದರು. ನಿಜಕ್ಕೂ ಕಸುಬು ಬಂದದ್ದು ಅವಳ ಕೈಗೆ. ಅಪ್ಪ ಕಣ್ಣುಗಾಜು ಎನ್ನುತ್ತಿದ್ದ ಒಂದು ವಸ್ತುವಿತ್ತು. ಕಪ್ಪು ಬಟ್ಟಲಿನಂಥದ್ದು, ತಳದಲ್ಲಿ ದಪ್ಪ ಗಾಜು. ಕಣ್ಣಿನ ಗುಳಿಗೆ ಸಿಕ್ಕಿಸಿ ಹುಬ್ಬಿನಿಂದ ಹಿಡಿದುಕೊಂಡರೆ ಸಾಸಿವೆಯಷ್ಟು ಸ್ಕ್ರೂ ಗೋಲಿಯಷ್ಟು ಕಾಣುತ್ತಿತ್ತು. ಅಪ್ಪನ ಹುಬ್ಬು ತಾಗಿ ತಾಗಿ ಅದರ ಅಂಚಿನ ಒಂದು ಕಡೆ ಸವೆದುಹೋಗಿತ್ತು. ತಂಗಿ ಎಂಟನೇ ವಯಸ್ಸಿಗೆ ಅದನ್ನು ಹಾಕಿಕೊಂಡು ಮೊದಲ ಗಡಿಯಾರ ಬಿಚ್ಚಿದಳು. ಅಣ್ಣ ಹಾಕಿಕೊಂಡ ದಿನವೇ ಒಂದು ಸೀನು ಸೀನಿ ಯಾರದೋ ಗಡಿಯಾರದ ಅರ್ಧ ಕರುಳು ಹಾರಿಸಿದ. "ನಿನಗೆ ದೊಡ್ಡ ಗಾಡಿಯೇ ಸರಿ ಬಿಡಪ್ಪ" ಅಂದಿದ್ದರು ಅಪ್ಪ.

ಅಪ್ಪ ಹೋದ ಸುದ್ದಿ ಅವಳಿಗೆ ತಲುಪಿದ್ದು ಎಲ್ಲ ಮುಗಿದು ಮೂರು ಗಂಟೆಯಾದ ಮೇಲೆ. ಅದೂ ಒಂದು ಸಾಲಿನ ಮೆಸೇಜು. ಆಮೇಲೆ ಎರಡು ದಿನ ಅಣ್ಣನ ಫೋನು ಸ್ವಿಚಾಫ್. ಗಡಿ ಮುಚ್ಚಿತ್ತು, ಅವಳು ಬರುವಂತಿರಲಿಲ್ಲ. ಅದು ಸರ್ಕಾರದ ತಪ್ಪು. ಫೋನು ಆರಿಸಿದ್ದು ಯಾರ ತಪ್ಪು? ಬೇಲಿಯಾಚೆಯ ಬೈಗುಳ ವಾರಕ್ಕೊಂದು ದಾರಿ ಹಿಡಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ.

"ಅಪ್ಪನ ಕಣ್ಣುಗಾಜು ಎಲ್ಲಿ?"

ಮೊದಲ ಗುರುವಾರ 'ಹುಡುಕ್ತಿದೀನಿ' ಅಂದ. ಎರಡನೆಯದಕ್ಕೆ 'ಬೀರುವಲ್ಲಿದೆ', ಮೂರನೆಯದಕ್ಕೆ 'ತರೋಕೆ ಮರೆತೆ'. ಆಮೇಲೆರಡು ಗುರುವಾರ ಗಾಜು ಏರಿಸಿಕೊಂಡು ನಿದ್ದೆಯ ನಾಟಕವಾಡಿದ. ಕಳೆದ ಗುರುವಾರ ಅವಳು "ಮಾರಿಕೊಂಡು ತಿಂದ್ರಾ?" ಅಂದಾಗ ಮೈ ಉರಿದು ಬಾಯಿ ಜಾರಿತು.

"ಗಾಡೀಲೇ ಇದೆ ಕಣೇ! ಇಲ್ಲೇ, ಸೀಟಿನ ಕೆಳಗೆ! ಕೊಡೋ ಹಾಗಿಲ್ಲ. ಕಾನೂನು!"

ಹೇಳಿದ ಮೇಲೆ ಹಾಯೆನಿಸಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜಗತ್ತೇ ಕಾನೂನಿನ ಹಿಂದೆ ಅಡಗಿ ಕೂತಿರುವಾಗ ತಾನೊಬ್ಬ ಅಡಗಿದರೆ ಯಾರ ಗಂಟು ಹೋಗುತ್ತದೆ?

ಕಣ್ಣುಗಾಜು ಸೀಟಿನ ಕೆಳಗೂ ಇರಲಿಲ್ಲ, ಬೀರುವಿನಲ್ಲೂ ಇರಲಿಲ್ಲ. ಅಪ್ಪನನ್ನು ಒಯ್ದ ದಿನವೇ ಅವನು ಹಿತ್ತಲಿನ ಎಣ್ಣೆಡ್ರಮ್ಮಿನಲ್ಲಿ ಬೆಂಕಿ ಹಾಕಿ ಅಂಗಿ, ದಿಂಬು, ಕನ್ನಡಕ, ಹಲ್ಲಿನ ಸೆಟ್ಟು, ಉಪಕರಣದ ಪೆಟ್ಟಿಗೆ ಎಲ್ಲವನ್ನೂ ಉದ್ದ ಕೋಲಿನಿಂದ ತಳ್ಳಿದ್ದ. ಯಾರೂ ಹೇಳಿರಲಿಲ್ಲ. ಹೆದರಿಕೆ, ಅಷ್ಟೇ. ಗಾಜು ಸುಡುವುದಿಲ್ಲ, ಟಪ್ ಎಂದು ಸಿಡಿಯುತ್ತದೆ ಎಂದು ಅವನಿಗೆ ಗೊತ್ತಾದದ್ದು ಅಂದೇ. ಜಿಪುಣ ಅನ್ನಲಿ, ಕಳ್ಳ ಅನ್ನಲಿ, ತಡೆದುಕೊಳ್ಳಬಹುದು. ಈ ಡ್ರಮ್ಮಿನ ವಿಷಯ ಮಾತ್ರ ಅವಳಿಗೆ ಗೊತ್ತಾಗಬಾರದು.

ಈ ಗುರುವಾರ ಅವನು ಲಾರಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ ಬೇಲಿಯಾಚೆ ಸ್ಟೂಲಿತ್ತು, ತಂಗಿ ಇರಲಿಲ್ಲ. ಎದೆ ಹಗುರಾಯಿತು. ಅಷ್ಟರಲ್ಲಿ ಯಾರ್ಡಿನ ಗೇಟು ತೆರೆದು ಇಬ್ಬರು ಬಂದರು. ಮುಂದೆ ಯಾರ್ಡಿನ ಸೂಪರ್‌ವೈಸರಮ್ಮ, ಕೈಯಲ್ಲಿ ಸ್ಟೀಲಿನ ತಟ್ಟೆ. ಹಿಂದೆ ತಲೆಯಿಂದ ಮೊಣಕಾಲವರೆಗೆ ಬಿಳಿ ಪ್ಲಾಸ್ಟಿಕ್ ಗೌನು ತೊಟ್ಟ ಇನ್ನೊಂದು ಹೆಂಗಸು. ಮುಖ ಕಾಣದಿದ್ದರೂ ನಡಿಗೆ ಕಂಡಿತು. ಎಡಗಾಲು ಸ್ವಲ್ಪ ಹೊರಗೆ. ಸಣ್ಣಮುಳ್ಳು.

"ನಿಮ್ಮ ಅದೃಷ್ಟ ಚೆನ್ನಾಗಿದೆ ಕಣ್ರೀ" ಎಂದಳು ಸೂಪರ್‌ವೈಸರಮ್ಮ. "ಇವರು ಒಂದು ವಾರದಿಂದ ಆಫೀಸಿಗೆ ಅಲೆದು ಅಲೆದು ನಮ್ಮ ಪ್ರಾಣ ತಿಂದು ಪರ್ಮಿಷನ್ ಮಾಡಿಸಿದಾರೆ. ಸತ್ತವರ ಒಂದು ವಸ್ತು, ಒಂದೇ ಸಲ. ಕಿಟಕಿಯಿಂದ ಈ ತಟ್ಟೆಗೆ ಹಾಕಿ. ಔಷಧಿ ಹೊಡೆದು ಕೊಡ್ತೀನಿ."

ತಂಗಿ ಫುಟ್‌ಬೋರ್ಡಿನ ಪಕ್ಕ ಬಂದು ನಿಂತಳು. ಆರು ವರ್ಷದಲ್ಲಿ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

"ಕೊಡಿ ಸಾಹೇಬ್ರೆ. ಕಾನೂನನ್ನ ಕರ್ಕೊಂಡೇ ಬಂದಿದೀನಿ."

ಅವನು ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿದ. ಹರಕು ಬಟ್ಟೆ, ಸ್ಪ್ಯಾನರು, ಖಾಲಿ ಬಾಟಲಿ. ಇಲ್ಲದ ವಸ್ತುವನ್ನು ಎಷ್ಟು ಹೊತ್ತು ಹುಡುಕಬಹುದು? ಬೆವರು ಕಣ್ಣಿಗೆ ಇಳಿಯುವ ತನಕ ಹುಡುಕಿದ.

"ಏನ್ ಗುರು, ಸೀಟಿನ ಕೆಳಗೆ ಬಾವಿ ತೋಡ್ತಿದೀಯಾ?" ಎಂದ ಟ್ಯಾಂಕರಿನವನು.

"ಬೇಗ ಆಗ್ಲಿ" ಎಂದಳು ಸೂಪರ್‌ವೈಸರಮ್ಮ.

ಅವನು ತಲೆ ಎತ್ತಿದ. ನಾಲ್ಕು ಬೆರಳಿನ ಸಂದಿಯಲ್ಲಿ ತಂಗಿಯ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಗಡಿಯಾರದೊಳಗೆ ನೋಡುವ ಕಣ್ಣು ಅವು. ಕೆಟ್ಟದ್ದು ಎಲ್ಲಿ ಎಂದು ಹುಡುಕುವುದಲ್ಲದೆ ಬೇರೆ ಕೆಲಸ ಕಲಿತಿಲ್ಲ.

"ಇಲ್ಲ" ಎಂದ.

"ಏನಿಲ್ಲ?"

"ಕಣ್ಣುಗಾಜು ಇಲ್ಲ. ಸುಟ್ಟೆ."

"ಗಾಜನ್ನ?"

"ಎಲ್ಲಾನೂ. ಪೆಟ್ಟಿಗೆ ಸಮೇತ."

"ಸರ್ಕಾರದವರು ಸುಡಿ ಅಂದ್ರಾ?"

ಹೌದು ಎನ್ನಬಹುದಿತ್ತು. ಕಾನೂನು ಇನ್ನೂ ಒಂದು ಬಾಗಿಲು ತೆರೆದೇ ಇಟ್ಟಿತ್ತು.

"ಯಾರೂ ಅನ್ಲಿಲ್ಲ. ನಂಗೆ ಭಯ ಆಯ್ತು."

ಅವಳು ಬೈಯುತ್ತಾಳೆ ಎಂದು ಕಾದ. ಟ್ಯಾಂಕರಿನವನೂ ಕಾದ. ಸೂಪರ್‌ವೈಸರಮ್ಮ "ಇಷ್ಟಕ್ಕೆ ನನ್ನ ಊಟದ ಹೊತ್ತು ಹಾಳಾಯ್ತಲ್ಲ" ಎಂದು ಗೊಣಗುತ್ತ ತಟ್ಟೆ ಇಡಲು ಅತ್ತ ತಿರುಗಿದಳು. ಆಗ ತಂಗಿ ಬಲಗೈಯ ಗ್ಲೌಸು ಕಳಚಿದಳು. ಗಡಿಯಾರದ ಬೆನ್ನು ತೆರೆಯಲೆಂದು ಬೆಳೆಸಿದ ಹೆಬ್ಬೆರಳ ಉಗುರನ್ನು ಬಾಗಿಲಿನ ಸಂದಿಗೆ ಇಟ್ಟಳು. ಮೇಲಿಂದ ಕೆಳಗೆ ಒಂದೇ ಗೀರು. ನೀಲಿ ಪಟ್ಟಿ ಎರಡಾಯಿತು. ಬ್ಲೇಡಿನಿಂದಲೂ ಅಷ್ಟು ನೀಟಾಗಿ ಬರುವುದಿಲ್ಲ.

ಗ್ಲೌಸು ಮತ್ತೆ ತೊಟ್ಟುಕೊಂಡು, ಏನೂ ಅರಿಯದವಳ ದನಿಯಲ್ಲಿ ಅಂದಳು: "ಮೇಡಂ, ಇಲ್ನೋಡಿ. ಇವರ ಸೀಲು ಹರಿದಿದೆ."

ಸೂಪರ್‌ವೈಸರಮ್ಮ ನೋಡಿದಳು. ಬೈಗುಳ ನುಂಗಿ ಶಿಳ್ಳೆ ಊದಿದಳು. ಎರಡು ನಿಮಿಷದಲ್ಲಿ ಲಾರಿಯ ಮುಂದೆ ಹಳದಿ ಪಟ್ಟಿ ಕಟ್ಟಿದ್ದರು.

"ಯಾರ್ರೀ ಹರಿದಿದ್ದು?"

ಟ್ಯಾಂಕರಿನವನು ಎಲ್ಲ ನೋಡಿದ್ದ. ಅವನ ಗಾಜು ಸರ್ರನೆ ಮೇಲೇರಿತು. ಡ್ರೈವರು ಬಾಯಿ ತೆರೆದ. ಇವಳೇ ಅಂದರೆ ಪಾಸು ಉಳಿಯಬಹುದು, ಇವಳು ಜೈಲಿಗೆ ಹೋಗಬಹುದು. ತಂಗಿ ಅವನನ್ನೇ ನೋಡುತ್ತಿದ್ದಳು. ಹೇಳು, ಅದನ್ನೂ ನೋಡೇ ಬಿಡೋಣ ಎನ್ನುವ ಹಾಗೆ.

"ನಾನೇ" ಎಂದ. "ಬಾಗಿಲು ತೆಗೆಯೋಕೆ ಹೋದೆ."

"ಸುಳ್ಳು ಮಾತ್ರ ಎಷ್ಟು ಸಲೀಸು ನಿಮಗೆ" ಎಂದಳು ತಂಗಿ, ಅವನಿಗಷ್ಟೇ ಕೇಳುವಂತೆ.

ಸೂಪರ್‌ವೈಸರಮ್ಮ ಅವನ ಅರ್ಜಿ ತರಿಸಿ ಓದಿದಳು. "ನೆಂಟರು ಯಾರೂ ಇಲ್ಲ ಅಂತ ಬರೆದಿದೀರಿ. ಕಾಗದದಲ್ಲಿ ಇರೋದೇ ನಮಗೆ ಲೆಕ್ಕ. ತಗಡಿನ ಶೆಡ್ಡೇ ಗತಿ. ಹನ್ನೆರಡು ಜನ ಇದಾರೆ, ನೀವು ಹದಿಮೂರನೆಯವರು. ನಾಲ್ಕು ಜನಕ್ಕೆ ಜ್ವರ."

"ಯಾರೂ ಇಲ್ಲ ಅಂತ ಬರೆದಿದಾರಾ?" ತಂಗಿ ಹಾಳೆಗೆ ಕೈ ಚಾಚಿದಳು. ಓದಿದಳು. ಎರಡು ಪದ ಓದಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓದಿದಳು. "ಪೆನ್ನು ಕೊಡಿ ಮೇಡಂ. ನಾನು ಇವರ ತಂಗಿ. ಒಂದೇ ತಾಯಿ, ಒಂದೇ ತಂದೆ. ಕೋಣೆ ಇದೆ, ಬೇರೆ ಬಚ್ಚಲಿದೆ. ಎಲ್ಲಿ ಸಹಿ ಹಾಕ್ಬೇಕು?"

"ಬೇಡ" ಎಂದ ಡ್ರೈವರು. "ಶೆಡ್ಡಿಗೇ ಹೋಗ್ತೀನಿ. ಮೇಡಂ, ನಂಗೆ ಶೆಡ್ಡೇ ಆಗುತ್ತೆ."

"ನಿಮ್ಮನ್ನ ಕೇಳಿದೋರು ಯಾರು?" ಎಂದಳು ಸೂಪರ್‌ವೈಸರಮ್ಮ.

ಮನೆಯ ಮುಂಭಾಗ ತಂಗಿಯ ಅಂಗಡಿ. ಹಿಂದೆ ಒಂದು ಕೋಣೆ. ಬಿಟ್ಟುಹೋದ ಗಿರಾಕಿಗಳ ಗಡಿಯಾರಗಳು ಅದರ ಗೋಡೆ ತುಂಬ ನಿಂತಿದ್ದವು, ಒಂದೊಂದೂ ಒಂದೊಂದು ಗಂಟೆಗೆ. ಮಂಚಕ್ಕೆ ಒಗೆದ ಹೊದಿಕೆ ಹಾಸಿತ್ತು. ಬಕೆಟ್ಟು, ಹೊಸ ಸೋಪು, ಹದಿನಾಲ್ಕು ಮಾಸ್ಕಿನ ಪೊಟ್ಟಣ. ಅವಳ ಗಂಡನನ್ನು ಬೆಳಿಗ್ಗೆಯೇ ಅವನ ಅಮ್ಮನ ಮನೆಗೆ ಕಳಿಸಿಯಾಗಿತ್ತು. ಡ್ರೈವರು ಪೊಟ್ಟಣ ಕೈಗೆತ್ತಿಕೊಂಡು ಮತ್ತೊಮ್ಮೆ ಎಣಿಸಿದ. ಗಾಜು ಇಲ್ಲ ಎಂದು ಅವಳಿಗೆ ಇಂದು ಗೊತ್ತಾದದ್ದಲ್ಲ. ಅವಳು ಕಾನೂನನ್ನು ಕರೆದುಕೊಂಡು ಬಂದದ್ದು ಕಣ್ಣುಗಾಜಿಗಲ್ಲ.

ಹೊರಗೆ ಆಫೀಸಿನವರು ಮುಂಬಾಗಿಲಿಗೆ ಕೆಂಪು ನೋಟೀಸು ಅಂಟಿಸಿ ಹೋದರು. ಅಂಗೈಯಿಂದ ಬಡಿಯುವ ಸದ್ದು ಎರಡು ಸಲ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ಒಂದು ಗೇಣು ತೆರೆಯಿತು. ಊಟದ ತಟ್ಟೆ ಹೊಸ್ತಿಲ ಮೇಲಿತ್ತು. ಅದನ್ನು ಮುಟ್ಟದೆ, ಒಳಗೆ ಬಾರದೆ, ಪೊರಕೆಯ ಹಿಡಿಯಿಂದ ಯಾರೋ ತಳ್ಳುತ್ತಿದ್ದರು. ತಟ್ಟೆ ನೆಲಕ್ಕೆ ಕೆರೆದುಕೊಂಡು ಕಿರ್ರೆಂದು ಬಂದು ಅವನ ಕಾಲ ಬಳಿ ನಿಂತಿತು. ಸಾರು ತುಳುಕಿ ಅಂಚಿನಿಂದ ಇಳಿಯಿತು.

ಅವನಿಗೆ ಆ ಸದ್ದು ಗೊತ್ತಿತ್ತು. ಒಂಬತ್ತು ದಿನ ಅಪ್ಪನ ಕೋಣೆಗೆ ಅವನು ಹಾಗೇ ತಳ್ಳಿದ್ದ. ಹೊರಗಿನಿಂದ ಅದು ಸಣ್ಣ ಸದ್ದು. ಒಳಗೆ ಕೂತವನ ಹಲ್ಲಿನ ಬೇರಿಗೆ ಇಳಿಯುತ್ತದೆ ಎಂದು ತಿಳಿದಿರಲಿಲ್ಲ. ಹತ್ತನೇ ಬೆಳಿಗ್ಗೆ ತಳ್ಳಿದ ತಟ್ಟೆ ಹಿಂದಿನ ತಟ್ಟೆಗೆ ತಾಗಿ ನಿಂತಾಗ ಅವನು ಒಳಗೆ ಹೋಗಿ ನೋಡಲಿಲ್ಲ. ಅಪ್ಪಾ ಎಂದು ಬಾಗಿಲಾಚೆಯಿಂದ ಎರಡು ಸಲ ಕರೆದ, ಒಯ್ಯುವವರಿಗೆ ಫೋನು ಮಾಡಿದ, ಎಲ್ಲ ಮುಗಿದ ಮೇಲೆ ತಂಗಿಗೆ ಒಂದು ಸಾಲು ಕಳಿಸಿ ಫೋನು ಆರಿಸಿದ. ಈ ಸಂಗತಿ ಯಾರಿಗೂ ಗೊತ್ತಿಲ್ಲ.

ಬಾಗಿಲಾಚೆ ಮೂರು ಕಾಲಿನ ಸ್ಟೂಲು ಎಳೆದ ಸದ್ದಾಯಿತು. ಅವಳು ಕೂತಳು.

"ವಾರಕ್ಕೆ ನಲವತ್ತು ನಿಮಿಷದಲ್ಲಿ ಮುಗಿಯೋ ಮಾತಲ್ಲ ಇದು" ಎಂದಳು. "ಅಪ್ಪಂಗೆ ಮೊದಲನೇ ದಿನ ಜ್ವರ ಬಂತಲ್ಲ, ಅಲ್ಲಿಂದ ಶುರು ಮಾಡು. ಒಂದು ಗಂಟೆಯೂ ಬಿಡಬೇಡ."

ಅವನು ತಟ್ಟೆ ನೋಡುತ್ತ ಕೂತ. ಗೋಡೆಯ ಮೇಲೆ ಒಂದು ಗಡಿಯಾರವೂ ನಡೆಯುತ್ತಿರಲಿಲ್ಲ.

ಪೊರಕೆಯ ಹಿಡಿ ಬಾಗಿಲ ಸಂದಿಯಿಂದ ಒಳಬಂದು ನೆಲಕ್ಕೆ ಟಕ್ ಟಕ್ ಎಂದು ಬಡಿಯಿತು.

"ಹೇಳೋ" ಎಂದಳು.