ವಿಂಡೋಸೋ ಲಿನಕ್ಸೋ, ಬೀರಪ್ಪನೇ ಹೇಳಲಿ

ಚಿಮ್ಮಡದ ಯಲ್ಲಾಲಿಂಗನಿಗೆ ಬನಹಟ್ಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಯಾವ ಬೀಜ ಹಾಕಲಿ ಎಂದು ಬಂದ ರೈತನಿಗೆ ಚಹಾ ಆರುವುದರೊಳಗೆ ಉತ್ತರ ಹೇಳಿ ಕಳಿಸುವವನು ಅವನು. ಹೊಲ ಬೇರೆಯವರದಲ್ಲವೇ! ತನ್ನದೇ ವಿಷಯ ಬಂದರೆ ಮಾತ್ರ ಊರನ್ನೆಲ್ಲ ಕೇಳದೆ ಒಂದು ಜೋಡು ಚಪ್ಪಲಿಯನ್ನೂ ಕೊಂಡವನಲ್ಲ. ಹೆಣ್ಣು ನೋಡಲು ಹೋಗಿ ಪೂನಮ್‌ಳನ್ನು ಒಪ್ಪಿದ್ದೊಂದೇ ಅವನು ಯಾರನ್ನೂ ಕೇಳದೆ ಮಾಡಿದ ಕೆಲಸ. ಅದು ಚೆನ್ನಾಗಿಯೇ ಆಗಿತ್ತು, ಆದರೆ ಅದರಿಂದ ಅವನು ಏನೂ ಕಲಿತಿರಲಿಲ್ಲ.

ಪೂನಮ್ ಸಾವಳಗಿಯ ಹುಡುಗಿ. ಅಣ್ಣ ಗುರಪ್ಪನ ಜೊತೆ ಟಿವಿಗೆ ಗೇಮು ಹಚ್ಚಿಕೊಂಡು ಆಡಿ ಬೆಳೆದವಳು. ಕಾರಿನ ಓಟದಲ್ಲಿ ಅವಳನ್ನು ಹಿಂದೆ ಹಾಕುವ ಗಂಡಸು ಆ ಓಣಿಯಲ್ಲಿ ಇರಲಿಲ್ಲ. ಈಗ ಅವಳಿಗೆ ಆರು ತಿಂಗಳು. ಏಳರಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹೆರಿಗೆಗೆ ತವರಿನವರು ಕರೆದುಕೊಂಡು ಹೋಗುತ್ತಾರೆ. ಆಮೇಲೆ ಮನೆಗೆ ಬರುವುದು ಕೂಸಿನ ಜೊತೆಗೇ. ಗಂಡ ಹೆಂಡತಿ ಇಬ್ಬರೇ ಕೂತು ನಗಲು ಉಳಿದದ್ದು ಅದೊಂದು ತಿಂಗಳು. ಅದಕ್ಕೆಂದೇ ಯಲ್ಲಾಲಿಂಗ ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರ ತರಿಸಿದ. ಜೋಡಿಯಾಗಿ ಆಡಲು ಎರಡು ಕಂಟ್ರೋಲರ್. ಅದನ್ನು ನಡೆಸುವ ತಂತ್ರಾಂಶ ವಿಂಡೋಸ್, ಹಾಕಿಯೇ ಬಂದಿತ್ತು. ಮೊದಲ ಸಂಜೆ ಪೂನಮ್ ಅವನನ್ನು ಸಾಲಾಗಿ ಸೋಲಿಸಿದಳು. ಸೋತಷ್ಟೂ ಅವನು ನಗುವುದನ್ನು ಕೇಳಿ ತಾಯಿ ಸತ್ಯವ್ವ ಒಳಗಿನಿಂದ, "ಹುಚ್ಚ ಹಿಡದೈತೇನೋ ನಿನಗ?" ಎಂದಳು. ಅಷ್ಟು ಸುಖದ ಸಂಜೆ ಅವನಿಗೆ ಹಿಂದೆ ಸಿಕ್ಕಿರಲಿಲ್ಲ.

ಸುಮ್ಮನೆ ಆಡಿಕೊಂಡಿರಬೇಕೋ ಬೇಡವೋ? ಮರುದಿನ ಅದನ್ನು ಅಂಗಡಿಗೆ ಒಯ್ದು ಶೀತಲ್‌ಗೆ ತೋರಿಸಿದ. ಶೀತಲ್ ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯ.

"ವಿಂಡೋಸಾ?" ಶೀತಲ್ ಹಾವು ತುಳಿದವನಂತೆ ಹಿಂದೆ ಸರಿದ. "ಇಷ್ಟ ಸಣ್ಣ ಪರದೆದಾಗ ಅಷ್ಟ ದೊಡ್ಡ ಸಂಸಾರ ಯಾಕೋ ಮಾರಾಯಾ? ಆಟದ ನಡುವ ಅಪ್‌ಡೇಟ್ ಅಂತ ಕುಂತ್ರ ಏಳಂಗಿಲ್ಲ ಅದು. ಲಿನಕ್ಸ್ ಹಾಕು. ಗುಂಡಿ ಒತ್ತಿದ್ರ ಮಲಗತೈತಿ, ಒತ್ತಿದ್ರ ಏಳತೈತಿ."

ಯಲ್ಲಾಲಿಂಗ ಅಂದೇ ಲಿನಕ್ಸ್ ಹಾಕಿಸಿದ. ಅದರ ಸುದ್ದಿ ಮುಧೋಳದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ದುರಗೇಶನಿಗೆ ಮುಟ್ಟಿತು. ಅವನು ಬೈಕ್ ಹತ್ತಿ ಬಂದೇ ಬಿಟ್ಟ.

"ಯಾರ ಮಾತ ಕೇಳಿದಿಲೇ? ನಾಕ ಮಂದಿ ಕೂಡಿ ಆನ್‌ಲೈನ್ ಆಡೂ ಆಟ ಎಷ್ಟೋ ಅದರಾಗ ನಡ್ಯಂಗಿಲ್ಲ. ಆಟದಾಗ ಮೋಸ ಹಿಡಿಯೋ ಪ್ರೋಗ್ರಾಮ್ ಕಾವಲುಗಾರನಂಗ ಬಾಗಲದಾಗ ನಿಂತಿರತೈತಿ, ಲಿನಕ್ಸ್ ಅಂದ್ರ ಒಳಗ ಬಿಡಂಗಿಲ್ಲ."

ಯಲ್ಲಾಲಿಂಗ ಹುಟ್ಟಿದಾಗಿನಿಂದ ಒಂದು ಆಟವನ್ನೂ ಆನ್‌ಲೈನ್ ಆಡಿದವನಲ್ಲ. ಆದರೂ ಅಂದೇ ರಾತ್ರಿ ಲಿನಕ್ಸ್ ಅಳಿಸಿ ಹಾಕಿದ. ಮತ್ತೆ ವಿಂಡೋಸ್ ಬಂತು. ಶೀತಲ್ ಬಂದು ಹಣೆ ಬಡಿದುಕೊಂಡ, ಮತ್ತೆ ಲಿನಕ್ಸ್ ಬಂತು. ಬನಹಟ್ಟಿಯ ಚಹಾದಂಗಡಿಯಲ್ಲಿ ಎರಡು ಪಾರ್ಟಿಗಳಾದವು. ಲಿನಕ್ಸ್ ಎಂದರೆ ತಿನ್ನುವುದೋ ಹಚ್ಚಿಕೊಳ್ಳುವುದೋ ತಿಳಿಯದವರೂ ಅದಕ್ಕಾಗಿ ಮೇಜು ಕುಟ್ಟಿ ಮಾತಾಡಿದರು. ಇಬ್ಬರು ಸಡ್ಡಕರು ಮಾತು ಬಿಟ್ಟರು.

ಮನೆಯಲ್ಲಿ ಪೂನಮ್ ದಿನವೂ ಸಂಜೆ ಎರಡೂ ಕಂಟ್ರೋಲರ್‌ ಒರೆಸಿಟ್ಟು, "ಇವತ್ತರೆ ಆಡೂಣೇನ್ರಿ?" ಎನ್ನುತ್ತಿದ್ದಳು. ಅವನು ಪರದೆಯಿಂದ ಕಣ್ಣು ಕೀಳದೆ, "ತಡಿ, ಇನ್ನ ಅರ್ಧ ಇಳಿಯೂದೈತಿ" ಎನ್ನುತ್ತಿದ್ದ. ಅವಳು ತುಸು ಹೊತ್ತು ಕೂತು ಎದ್ದು ಹೋಗುತ್ತಿದ್ದಳು.

ಕುಬಸ ನಾಳೆ ಎನ್ನುವಾಗ ಯಲ್ಲಾಲಿಂಗನಿಗೆ ದಿಗಿಲಾಯಿತು. ಮನುಷ್ಯರಿಂದ ಬಗೆಹರಿಯದ್ದನ್ನು ದೇವರಿಗೆ ಬಿಡುವುದು ಅವರ ಮನೆತನದ ಪದ್ಧತಿ. ಯಂತ್ರ ಹಿಡಿದು ಬೀರಪ್ಪನ ಗುಡಿಗೆ ನಡೆದ. ಹಿಂದೆ ಎರಡೂ ಪಾರ್ಟಿಗಳು. ಪೂಜಾರಿ ಸಾಬಣ್ಣ ಅವನಿಗೆ ಕಾಕಾ ಆಗಬೇಕು.

"ಹೂ ಕೇಳಬೇಕು ಕಾಕಾ. ಬಲಕ್ಕ ಬಿದ್ರ ವಿಂಡೋಸ್, ಎಡಕ್ಕ ಬಿದ್ರ ಲಿನಕ್ಸ್."

"ಎರಡೂ ಮನಿತನ ಛಲೋ ಅದಾವೇನು?" ಎಂದು ಕೇಳಿ ಸಾಬಣ್ಣ ದೇವರ ಎರಡೂ ಬದಿಗೆ ಹೂ ಹಚ್ಚಿದ.

ಎರಡೂ ಪಾರ್ಟಿಗಳು ಗರ್ಭಗುಡಿಯ ಬಾಗಿಲಿಗೆ ಮುಗಿಬಿದ್ದವು. ಬಲಗಡೆಯ ಹೂ ಬಿತ್ತು. ದುರಗೇಶ ಕುಣಿದೇ ಬಿಟ್ಟ. "ಮ್ಯಾಲ ಫ್ಯಾನ್ ತಿರಗಾಕತ್ತೈತಿ, ಇದು ದೇವರ ಹೂ ಅಲ್ಲ, ಗಾಳಿ ಹೂ!" ಎಂದು ಶೀತಲ್ ಕೂಗಿದ. ಕೈ ಕೈ ಮಿಲಾಯಿಸುವುದೊಂದು ಬಾಕಿ. ಸಾಬಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಬೀರಪ್ಪನ್ನ ಸುಳ್ಳ ಮಾಡ್ತೀರೇನಲೇ? ಎರಡಕ್ಕೂ ಒಳ್ಳೇದಾಗಲಿ, ಹೋಗ್ರಿ!" ಎಂದು ಬುಟ್ಟಿಯ ಭಂಡಾರವನ್ನು ಬೊಗಸೆ ತುಂಬ ಎತ್ತಿ, ಚಾಂಗಭಲೋ ಎಂದು ತೂರಿದ. ಅರಿಷಿಣದ ಪುಡಿ ಎಲ್ಲರ ತಲೆಯ ಮೇಲೂ ಬಿತ್ತು, ಯಂತ್ರದ ಮೇಲೂ ಬಿತ್ತು. ಅದರೊಳಗೂ ಒಂದು ಸಣ್ಣ ಫ್ಯಾನ್ ತಿರುಗುತ್ತಿತ್ತು. ಅದು ಭಕ್ತಿಯಿಂದ ಪ್ರಸಾದವನ್ನೆಲ್ಲ ಒಳಗೆಳೆದುಕೊಂಡು, ಒಮ್ಮೆ ಕಿರುಚಿ, ಆರಿಹೋಯಿತು.

ಮರುದಿನ ಕುಬಸ. ಹಸಿರು ಬಳೆ ತೊಟ್ಟು ಜೀಪು ಹತ್ತುವಾಗ ಪೂನಮ್, "ಅದನ್ನ ಕೊಡ್ರಿ ಇಲ್ಲೆ" ಎಂದು ಹಳದಿ ಯಂತ್ರವನ್ನು ಸೀರೆಗಳ ನಡುವೆ ತುರುಕಿಕೊಂಡಳು. ಮುಖ ನೋಡಿ ಏನಾದರೂ ಹೇಳುತ್ತಾಳೇನೋ ಎಂದು ಅವನು ಕಾದ. ಅವಳು ಜೀಪಿನ ಬಾಗಿಲು ಎಳೆದುಕೊಂಡಳು.

ಎರಡು ದಿನ ತಡೆದು ಸಂಜೆ ಅವನೇ ಫೋನ್ ಮಾಡಿದ. ಆ ಕಡೆ ಕಾರುಗಳ ಗದ್ದಲ, ಗುರಪ್ಪನ ಕೂಗಾಟ, ಪೂನಮ್‌ಳ ನಗು.

"ರಿಪೇರಿ ಆತೇನು?"

"ಹೂಂರಿ. ಅಣ್ಣ ಹಲ್ಲುಜ್ಜೂ ಬ್ರಷ್‌ಲೇ ಭಂಡಾರ ಜಾಡಿಸಿ, ಏನೋ ಹಾಕಿ ಕೊಟ್ಟ."

"ಏನೋ ಅಂದ್ರ? ಯಾವುದ ಹಾಕ್ಯಾನ?"

"ನಾ ಕೇಳಿಲ್ರಿ. ಆಟ ನಡದೈತಿ. ಈ ಗದ್ದಲಕ್ಕ ಕೂಸೂ ಒದ್ಯಾಕತ್ತೈತಿ. ತಡೀರಿ, ನನ್ನ ಪಾಳಿ ಬಂತು." ಫೋನ್ ಕಟ್ಟಾಯಿತು.

ಯಲ್ಲಾಲಿಂಗ ಪಡಸಾಲೆಯಲ್ಲಿ ಕೂತ. ಒಳಗೆ ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಕೂಸು ಒದ್ಯಾಕತ್ತೈತಂತ. ಇಲ್ಲಿದ್ದಾಗೂ ಒದೀತಿತ್ತೇನ?"

"ದಿನಾ ಸಂಜಿಗಿ ಒದೀತಿತ್ತು," ಎಂದಳು ಸತ್ಯವ್ವ, ಬಡಿಯುವ ಕೈ ನಿಲ್ಲಿಸದೆ. "ಒಮ್ಮಿ ಕೈ ಇಟ್ಟ ನೋಡ್ರಿ ಅಂತ ನಿನ್ನ ಕೈ ಹಿಡದ ಎಳದ್ಲಲ್ಲೋ. ಈಗ ಈ ಮಷಿನ್ ಕೈ ಬಿಟ್ರ ಎಲ್ಲಾ ಕೆಡತೈತಿ ಅಂದಿ ನೀ."